ಆಸಿಡ್ (ಪದ)

ಆಸಿಡ್ ಎಂಬುದು ಹುಳಿ ರುಚಿಗೆ ಸಂಬಂಧಿಸಿದ ಒಂದು ಇಂಗ್ಲಿಷ್ ಪದ. ಇದು ನಾಮಪದವಾಗಿಯೂ ಗುಣವಾಚಕವಾಗಿಯೂ ಬಳಕೆಯಲ್ಲಿದೆ. ಗುಣವಾಚಕವಾಗಿ ಇದರ ಮೂಲ ಅರ್ಥ 'ಹುಳಿಯಾದ' ಎಂದು. ನಾಮಪದವಾಗಿ ಇದು ರಸಾಯನಶಾಸ್ತ್ರದಲ್ಲಿ ಆಮ್ಲ ಎಂದು ಕರೆಯಲಾಗುವ ವಸ್ತುಗಳ ವರ್ಗವನ್ನು ಸೂಚಿಸುತ್ತದೆ. ಈ ವಾಚ್ಯಾರ್ಥಗಳಲ್ಲದೆ ಚುಚ್ಚುವ ಮಾತು, ಕಠಿಣ ಪರೀಕ್ಷೆ, ಕಣ್ಣಿಗೆ ರಾಚುವ ಬಣ್ಣ, ಒಂದು ಮಾದಕವಸ್ತು ಮೊದಲಾದ ಅನೇಕ ಲಕ್ಷ್ಯಾರ್ಥಗಳೂ ಈ ಪದಕ್ಕೆ ಇವೆ.

ಇಂಗ್ಲಿಷಿನಲ್ಲಿ ನಿಂಬೆಹಣ್ಣಿನ ರಸಕ್ಕೂ ಚರ್ಮವನ್ನು ಸುಡುವ ದ್ರವಕ್ಕೂ ಈ ಒಂದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಇದೇ ಅರ್ಥವ್ಯಾಪ್ತಿಯು ಹುಳಿ, ಆಮ್ಲ ಮತ್ತು ಆಸಿಡ್ ಎಂಬ ಮೂರು ಪದಗಳಲ್ಲಿ ಹಂಚಿಹೋಗಿದೆ. ಆದ್ದರಿಂದ ಅನುವಾದದಲ್ಲಿ, ವಿಜ್ಞಾನದ ಕಲಿಕೆಯಲ್ಲಿ, ಕಾನೂನಿನಲ್ಲಿ ಹಾಗೂ ಮನೆಬಳಕೆಯಲ್ಲಿ ಯಾವ ಅರ್ಥ ಉದ್ದೇಶಿತವಾಗಿದೆ ಎಂಬುದನ್ನು ಗುರುತಿಸುವುದು ಅಗತ್ಯವಾಗುತ್ತದೆ. ಕನ್ನಡದ ಪತ್ರಿಕೆಗಳಲ್ಲಿ ಈ ಪದವನ್ನು 'ಆ್ಯಸಿಡ್' ಎಂದೂ ಬರೆಯುವುದುಂಟು.

ವ್ಯುತ್ಪತ್ತಿ

ಲ್ಯಾಟಿನ್ ಭಾಷೆಯ 'ಆಸಿಡಸ್' ಎಂಬ ಗುಣವಾಚಕವು ಈ ಪದದ ಮೂಲ. ಅದರ ಅರ್ಥ 'ಹುಳಿಯಾದ' ಎಂದು. ಇದು 'ಹುಳಿಯಾಗಿರು' ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದೆ. ವಿನೆಗರ್‌ಗೆ ಲ್ಯಾಟಿನ್ನಿನಲ್ಲಿದ್ದ 'ಅಸೀಟಮ್' ಎಂಬ ಹೆಸರೂ ಇದೇ ಕುಟುಂಬದ್ದು. ಇಂದಿನ ಅಸಿಟಿಕ್ ಆಮ್ಲ ಎಂಬ ಹೆಸರು ಅದರಿಂದಲೇ ಬಂದಿದೆ. ಇಂಗ್ಲಿಷಿಗೆ ಈ ಪದವು 17ನೇ ಶತಮಾನದಲ್ಲಿ, ಮೊದಲು ಗುಣವಾಚಕವಾಗಿ ಬಂದು, ಅನಂತರ ನಾಮಪದವಾಯಿತು.

ಈ ಪದಗಳೆಲ್ಲದರ ಹಿಂದೆ 'ಚೂಪಾದ, ಮೊನಚಾದ' ಎಂಬ ಅರ್ಥವುಳ್ಳ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವೊಂದನ್ನು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಲ್ಯಾಟಿನ್ನಿನಲ್ಲಿ ಸೂಜಿ, ಕತ್ತಿಯ ಅಲಗು, ತೀಕ್ಷ್ಣತೆ ಎಂಬ ಅರ್ಥದ ಪದಗಳು ಇದೇ ಧಾತುವಿನಿಂದ ಬಂದಿವೆ. ಇಂಗ್ಲಿಷಿನಲ್ಲಿ ತೀವ್ರ ಎಂಬ ಅರ್ಥದ 'ಅಕ್ಯೂಟ್', ಅಂಚು ಅಥವಾ ಅಲಗು ಎಂಬ ಅರ್ಥದ 'ಎಡ್ಜ್', ಘಾಟು ಎಂಬ ಅರ್ಥದ 'ಆ್ಯಕ್ರಿಡ್', ಕಹಿಯಾದ ವೈಮನಸ್ಯವನ್ನು ಸೂಚಿಸುವ 'ಆ್ಯಕ್ರಿಮನಿ' ಇವೆಲ್ಲ ಆಸಿಡ್ ಪದದ ಬಂಧುಗಳು. ನಾಲಿಗೆಗೆ ಹುಳಿ ತಗಲಿದಾಗ ಆಗುವ ಚುರುಕ್ಕೆನ್ನುವ ಅನುಭವವನ್ನು ಮೊನಚಾದ ವಸ್ತುವಿನ ಚುಚ್ಚುವಿಕೆಗೆ ಹೋಲಿಸಿದುದರ ಫಲವಾಗಿ ಈ ರುಚಿಗೆ ಈ ಹೆಸರು ಬಂದಿದೆ. ಅಂದರೆ ಹುಳಿ ಎಂಬ ಇದರ ವಾಚ್ಯಾರ್ಥವೇ ಒಂದು ಹಳೆಯ ರೂಪಕ.

ಗ್ರೀಕ್ ಭಾಷೆಯಲ್ಲಿಯೂ ಇಂತಹುದೇ ಸಂಬಂಧ ಕಾಣುತ್ತದೆ. 'ಆಕ್ಸಿಸ್' ಎಂಬ ಗ್ರೀಕ್ ಪದಕ್ಕೆ ಚೂಪು ಮತ್ತು ಹುಳಿ ಎಂಬ ಎರಡೂ ಅರ್ಥಗಳಿವೆ. ಆಕ್ಸಿಜನ್ ಎಂಬ ಹೆಸರಿನ ಮೊದಲ ಭಾಗ ಇದೇ. ಫ್ರೆಂಚ್ ಭಾಷೆಯಲ್ಲಿ 'ವಿನ್ ಎಗ್ರ್' ಎಂದರೆ ಹುಳಿಯಾದ ದ್ರಾಕ್ಷಾರಸ. ಅದರಿಂದ ಇಂಗ್ಲಿಷಿನ 'ವಿನೆಗರ್' ಬಂದಿದೆ. ಅದೇ 'ಎಗ್ರ್' ಎಂಬ ಪದ ಬೇರೊಂದು ದಾರಿಯಲ್ಲಿ ಸಾಗಿ ಉತ್ಸುಕ ಎಂಬ ಅರ್ಥದ 'ಈಗರ್' ಆಗಿದೆ.

ವಾಚ್ಯಾರ್ಥ: ಹುಳಿ ರುಚಿ

ಸಿಹಿ, ಉಪ್ಪು, ಕಹಿ, ಹುಳಿ ಮತ್ತು ಉಮಾಮಿ ಇವನ್ನು ಆಧುನಿಕ ವಿಜ್ಞಾನವು ಮೂಲ ರುಚಿಗಳೆಂದು ಪರಿಗಣಿಸುತ್ತದೆ. ಭಾರತೀಯ ವೈದ್ಯಶಾಸ್ತ್ರದಲ್ಲಿ ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂಬ ಷಡ್ರಸಗಳಿದ್ದು, ಅವುಗಳಲ್ಲಿ ಹುಳಿಗೆ ಆಮ್ಲ ಎಂಬ ಹೆಸರಿದೆ.

ಪದಾರ್ಥವೊಂದರಿಂದ ಬಿಡುಗಡೆಯಾಗುವ ಜಲಜನಕದ ಅಯಾನುಗಳು, ಅಂದರೆ ಪ್ರೋಟಾನುಗಳು, ನಾಲಿಗೆಯ ರುಚಿಮೊಗ್ಗುಗಳಲ್ಲಿರುವ ಕೆಲವು ಜೀವಕೋಶಗಳನ್ನು ಪ್ರಚೋದಿಸಿದಾಗ ಹುಳಿಯ ಅನುಭವವಾಗುತ್ತದೆ. ಪ್ರೋಟಾನುಗಳು ಈ ಕೋಶಗಳೊಳಗೆ ಪ್ರವೇಶಿಸಲು ಅನುವು ಮಾಡಿಕೊಡುವ ಪ್ರೋಟೀನನ್ನು 2018 ಮತ್ತು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ಗುರುತಿಸಿದವು. ಆದರೆ ಹುಳಿಯ ತೀವ್ರತೆಯು ಪ್ರೋಟಾನುಗಳ ಪ್ರಮಾಣವೊಂದನ್ನೇ ಅವಲಂಬಿಸಿಲ್ಲ. ಒಂದೇ ಪಿಎಚ್ ಮೌಲ್ಯವುಳ್ಳ ಅಸಿಟಿಕ್ ಆಮ್ಲ ಮತ್ತು ಹೈಡ್ರೊಕ್ಲೋರಿಕ್ ಆಮ್ಲದ ತೆಳು ದ್ರಾವಣಗಳಲ್ಲಿ ಅಸಿಟಿಕ್ ಆಮ್ಲದ ದ್ರಾವಣವೇ ಹೆಚ್ಚು ಹುಳಿಯೆನಿಸುತ್ತದೆ.

ಆಹಾರದಲ್ಲಿರುವ ಹುಳಿಗೆ ಕಾರಣವಾದ ಮುಖ್ಯ ಆಮ್ಲಗಳು ಇವು:

ನಿಂಬೆ, ಕಿತ್ತಳೆ: ಸಿಟ್ರಿಕ್ ಆಮ್ಲ.
ಹುಣಸೆ: ಟಾರ್ಟಾರಿಕ್ ಆಮ್ಲ.
ಮೊಸರು, ಮಜ್ಜಿಗೆ: ಲ್ಯಾಕ್ಟಿಕ್ ಆಮ್ಲ.
ಸೇಬು: ಮ್ಯಾಲಿಕ್ ಆಮ್ಲ.
ವಿನೆಗರ್: ಅಸಿಟಿಕ್ ಆಮ್ಲ.

ಇವುಗಳಲ್ಲಿ ಟಾರ್ಟಾರಿಕ್, ಲ್ಯಾಕ್ಟಿಕ್, ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ. ಹಸಿ ಕಡಲೆ ಗಿಡವನ್ನು ಮುಟ್ಟಿದ ಬೆರಳಿಗೆ ಹುಳಿ ಅಂಟುವುದಕ್ಕೆ ಆ ಗಿಡದ ಸೂಕ್ಷ್ಮ ರೋಮಗಳು ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಕಾರಣ. ಇರುವೆಗಳಲ್ಲಿರುವ ಆಮ್ಲಕ್ಕೆ ಇರುವೆಯ ಲ್ಯಾಟಿನ್ ಹೆಸರಿನಿಂದಲೇ ಫಾರ್ಮಿಕ್ ಆಮ್ಲ ಎಂಬ ಹೆಸರು ಬಂದಿದೆ. ಮಲೆನಾಡಿನಲ್ಲಿ ಕೆಂಪು ಚಗಳಿ ಇರುವೆಗಳಿಂದ ತಯಾರಿಸುವ ಚಟ್ನಿಯ ಹುಳಿಯೂ ಈ ಆಮ್ಲದ್ದೇ.

ವಾಚ್ಯಾರ್ಥ: ರಸಾಯನಶಾಸ್ತ್ರದಲ್ಲಿ

ಪ್ರಾಚೀನ ಕಾಲದಲ್ಲಿ ಜನರಿಗೆ ತಿಳಿದಿದ್ದ ಅತ್ಯಂತ ಪ್ರಬಲ ಆಮ್ಲ ವಿನೆಗರ್. ಮಧ್ಯಯುಗದ ರಸವಾದಿಗಳು ಖನಿಜಗಳನ್ನು ಕಾಯಿಸಿ ಭಟ್ಟಿ ಇಳಿಸಿ ಅದಕ್ಕಿಂತ ಬಹುಪಾಲು ಪ್ರಬಲವಾದ ದ್ರವಗಳನ್ನು ಪಡೆದರು. ಗಂಧಕಾಮ್ಲಕ್ಕೆ 'ವಿಟ್ರಿಯಾಲ್ ಎಣ್ಣೆ' ಎಂದೂ, ನೈಟ್ರಿಕ್ ಆಮ್ಲಕ್ಕೆ ಲ್ಯಾಟಿನ್ನಿನಲ್ಲಿ 'ಬಲಿಷ್ಠ ಜಲ' ಎಂಬ ಅರ್ಥದ ಹೆಸರೂ, ಚಿನ್ನವನ್ನು ಕರಗಿಸಬಲ್ಲ ಮಿಶ್ರಣಕ್ಕೆ 'ರಾಜಜಲ' ಎಂಬ ಅರ್ಥದ ಹೆಸರೂ ಇದ್ದವು. ಈ ಹೆಸರುಗಳಲ್ಲಿ ಹುಳಿಯ ಪ್ರಸ್ತಾಪವಿಲ್ಲ. ಸುಡುವ ಈ ದ್ರವಗಳೂ ಅಡುಗೆಮನೆಯ ಹುಳಿಯೂ ಒಂದೇ ವರ್ಗಕ್ಕೆ ಸೇರಿದವು ಎಂಬ ತಿಳಿವಳಿಕೆ ಗಟ್ಟಿಯಾದ ಮೇಲೆಯೇ ಆಸಿಡ್ ಎಂಬ ಹೆಸರು ಎಲ್ಲಕ್ಕೂ ಅನ್ವಯವಾಯಿತು.

ಈ ತಿಳಿವಳಿಕೆಗೆ ನೆರವಾದವರಲ್ಲಿ ರಾಬರ್ಟ್ ಬಾಯ್ಲ್ ಪ್ರಮುಖ. ಅವನು 1664ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತ ಗ್ರಂಥದಲ್ಲಿ, ನೇರಳೆ ಹೂವಿನ ಪಾಕವು ಆಮ್ಲಗಳೊಂದಿಗೆ ಕೆಂಪಾಗುವುದನ್ನು ವಿವರಿಸಿದನು. ಇದರಿಂದ ರುಚಿ ನೋಡದೆಯೇ ಆಮ್ಲವನ್ನು ಗುರುತಿಸುವುದು ಸಾಧ್ಯವಾಯಿತು. ಇಂದಿನ ಶಾಲೆಗಳಲ್ಲಿ ಬಳಸುವ ಲಿಟ್ಮಸ್ ಕಾಗದದ ಪರೀಕ್ಷೆ ಇದೇ ತತ್ತ್ವದ್ದು.

18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಆಂಟ್ವಾನ್ ಲವಾಸಿಯೇ, ಎಲ್ಲ ಆಮ್ಲಗಳಿಗೂ ಕಾರಣವಾದುದು ಒಂದೇ ಮೂಲವಸ್ತು ಎಂದು ಭಾವಿಸಿ ಅದಕ್ಕೆ ಗ್ರೀಕ್ ಪದಗಳಿಂದ 'ಹುಳಿಯನ್ನು ಹುಟ್ಟಿಸುವುದು' ಎಂಬ ಅರ್ಥದ ಆಕ್ಸಿಜನ್ ಎಂಬ ಹೆಸರನ್ನಿಟ್ಟನು. ಕನ್ನಡದ 'ಆಮ್ಲಜನಕ' ಈ ಹೆಸರಿನ ನೇರ ಅನುವಾದ. ಆದರೆ ಈ ಸಿದ್ಧಾಂತ ನಿಲ್ಲಲಿಲ್ಲ. 1810ರ ವೇಳೆಗೆ ಇಂಗ್ಲೆಂಡಿನ ಹಂಫ್ರಿ ಡೇವಿ, ಇಂದು ಹೈಡ್ರೊಕ್ಲೋರಿಕ್ ಆಮ್ಲ ಎನ್ನಲಾಗುವ ವಸ್ತುವಿನಲ್ಲಿ ಆಮ್ಲಜನಕವೇ ಇಲ್ಲವೆಂದು ತೋರಿಸಿದನು. 1838ರಲ್ಲಿ ಜರ್ಮನಿಯ ಯುಸ್ಟುಸ್ ಲೀಬಿಗ್, ಲೋಹವು ಸ್ಥಾನಪಲ್ಲಟಗೊಳಿಸಬಲ್ಲ ಜಲಜನಕವುಳ್ಳ ವಸ್ತುಗಳೇ ಆಮ್ಲಗಳೆಂದು ವಿವರಿಸಿದನು. ಹೀಗೆ ಆಮ್ಲಕ್ಕೆ ಕಾರಣ ಜಲಜನಕವೆಂದು ತಿಳಿದ ಮೇಲೂ ಆಮ್ಲಜನಕ ಎಂಬ ಹೆಸರು ಮಾತ್ರ ಉಳಿದುಬಂದಿದೆ. ಆ ಹೆಸರಿನಿಂದ ಆಮ್ಲದ ಲಕ್ಷಣವನ್ನು ಊಹಿಸುವುದು ಸರಿಯಲ್ಲ.

ಮುಂದಿನ ಮುಖ್ಯ ವ್ಯಾಖ್ಯಾನಗಳು ಹೀಗಿವೆ:

1884ರಿಂದ ಮುಂದೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ರೂಪಿಸಿದ ಸಿದ್ಧಾಂತದಂತೆ, ನೀರಿನಲ್ಲಿ ಕರಗಿದಾಗ ಜಲಜನಕದ ಅಯಾನುಗಳನ್ನು ನೀಡುವ ವಸ್ತು ಆಮ್ಲ.
1923ರಲ್ಲಿ ಯೋಹಾನೆಸ್ ಬ್ರಾನ್‌ಸ್ಟೆಡ್ ಮತ್ತು ಥಾಮಸ್ ಮಾರ್ಟಿನ್ ಲೌರಿ ಪ್ರತ್ಯೇಕವಾಗಿ ನೀಡಿದ ವ್ಯಾಖ್ಯಾನದಂತೆ, ಪ್ರೋಟಾನನ್ನು ದಾನ ಮಾಡುವ ವಸ್ತು ಆಮ್ಲ.
ಅದೇ ವರ್ಷ ಗಿಲ್ಬರ್ಟ್ ಲೂಯಿಸ್ ನೀಡಿದ ವ್ಯಾಖ್ಯಾನದಂತೆ, ಇಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ವಸ್ತು ಆಮ್ಲ.

ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ ಸೋರೆನ್‌ಸನ್ ಜಾರಿಗೆ ತಂದನು. ಇದರಲ್ಲಿ 7 ತಟಸ್ಥ, ಅದಕ್ಕಿಂತ ಕಡಿಮೆಯಾದುದು ಆಮ್ಲೀಯ. ಒಂದು ಅಂಕಿಯ ಇಳಿಕೆಯೆಂದರೆ ಜಲಜನಕದ ಅಯಾನುಗಳ ಪ್ರಮಾಣದಲ್ಲಿ ಹತ್ತು ಪಟ್ಟು ಏರಿಕೆ. ನಿಂಬೆರಸದ ಪಿಎಚ್ ಸುಮಾರು 2, ಮೊಸರಿನದು ಸುಮಾರು 4.5.

ಈ ವ್ಯಾಖ್ಯಾನಗಳಲ್ಲಿ ರುಚಿಗೆ ಸ್ಥಾನವಿಲ್ಲ. ಹೀಗಾಗಿ ಇಂದು ಆಮ್ಲವೆನ್ನಲಾಗುವ ಎಷ್ಟೋ ವಸ್ತುಗಳು ಹುಳಿಯಾಗಿಲ್ಲ. ಕೊಬ್ಬಿನಲ್ಲಿರುವ ಸ್ಟಿಯರಿಕ್ ಆಮ್ಲಕ್ಕೆ ಹುಳಿಯಿಲ್ಲ. ಗ್ಲೈಸಿನ್ ಎಂಬ ಅಮೈನೊ ಆಮ್ಲವು ಸಿಹಿಯಾಗಿದ್ದು, ಅದರ ಹೆಸರೂ ಸಿಹಿ ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದಿದೆ. ಜೀವಿಗಳ ಆನುವಂಶಿಕ ಮಾಹಿತಿಯನ್ನು ಹೊತ್ತ ಡಿಎನ್ಎ ಕೂಡ ಒಂದು ನ್ಯೂಕ್ಲಿಕ್ ಆಮ್ಲ.

ಲಕ್ಷ್ಯಾರ್ಥಗಳು

ವಿಜ್ಞಾನವು ಆಸಿಡ್ ಪದದಿಂದ ರುಚಿಯನ್ನು ಬೇರ್ಪಡಿಸಿತಾದರೂ ಆಡುಮಾತು ಮತ್ತು ಸಾಹಿತ್ಯಗಳಲ್ಲಿ ಪದದ ಹಳೆಯ ಮೊನಚು ಉಳಿದಿದೆ. ಇದರ ಲಕ್ಷ್ಯಾರ್ಥಗಳಲ್ಲಿ ಚುಚ್ಚುವುದು, ಸುಡುವುದು, ಕರಗಿಸಿ ನಿಜವನ್ನು ತೋರಿಸುವುದು ಎಂಬ ಮೂರು ಭಾವಗಳು ಮುಖ್ಯವಾಗಿವೆ.

ಮಾತು ಮತ್ತು ಸ್ವಭಾವ

ಇಂಗ್ಲಿಷಿನಲ್ಲಿ 'ಆಸಿಡ್ ಟಂಗ್' ಎಂದರೆ ಚುಚ್ಚಿ ಮಾತನಾಡುವ ನಾಲಿಗೆ. 'ಆಸಿಡ್ ವಿಟ್' ಎಂದರೆ ಮೊನಚಾದ ವ್ಯಂಗ್ಯ. ಇಲ್ಲಿ ಮಾತಿನ ಚುರುಕೂ ಸೇರಿರುವುದರಿಂದ ಈ ಪ್ರಯೋಗದಲ್ಲಿ ನಿಂದೆಯೊಂದಿಗೆ ಮೆಚ್ಚುಗೆಯೂ ಬೆರೆತಿರಬಹುದು. ವಿಟ್ರಿಯಾಲ್ ಎಣ್ಣೆಯಿಂದ ಬಂದ 'ವಿಟ್ರಿಯಾಲಿಕ್' ಎಂಬ ಪದ ಇದಕ್ಕಿಂತ ಕಠೋರವಾದುದು. ಅದು ದ್ವೇಷ ತುಂಬಿದ ಮಾತು ಅಥವಾ ಬರಹವನ್ನು ಸೂಚಿಸುತ್ತದೆ.

ಹುಳಿಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಪದ 'ಸೌರ್'. ಅದು ಜರ್ಮ್ಯಾನಿಕ್ ಮೂಲದ್ದು. ಇವೆರಡರ ಲಕ್ಷ್ಯಾರ್ಥಗಳು ಬೇರೆಬೇರೆ. 'ಸೌರ್' ಎನಿಸಿಕೊಂಡ ವ್ಯಕ್ತಿ ಸಪ್ಪೆ ಮೋರೆಯ ಅಸಂತುಷ್ಟ. 'ಆಸಿಡ್' ಎನಿಸಿಕೊಂಡವನು ಇತರರನ್ನು ಮಾತಿನಿಂದ ಇರಿಯುವವನು. ಕೆಟ್ಟುಹೋದ ಸಂಬಂಧ 'ಸೌರ್' ಆಗುತ್ತದೆಯೇ ಹೊರತು 'ಆಸಿಡ್' ಆಗುವುದಿಲ್ಲ. ಈಸೋಪನ ನರಿಗೆ ಎಟುಕದ ದ್ರಾಕ್ಷಿಯೂ 'ಸೌರ್' ದ್ರಾಕ್ಷಿಯೇ.

ಆಸಿಡ್ ಟೆಸ್ಟ್

ಚಿನ್ನದ ಶುದ್ಧತೆಯನ್ನು ತಿಳಿಯಲು ಅಕ್ಕಸಾಲಿಗರು ಅದನ್ನು ಕಪ್ಪು ಒರೆಗಲ್ಲಿನ ಮೇಲೆ ಉಜ್ಜಿ, ಮೂಡಿದ ಗೆರೆಯ ಮೇಲೆ ನೈಟ್ರಿಕ್ ಆಮ್ಲದ ಹನಿಯನ್ನು ಹಾಕುತ್ತಾರೆ. ತಾಮ್ರದಂತಹ ಲೋಹಗಳು ಕರಗುತ್ತವೆ, ಚಿನ್ನ ಉಳಿಯುತ್ತದೆ. ಈ ಪದ್ಧತಿಯಿಂದ 'ಆಸಿಡ್ ಟೆಸ್ಟ್' ಎಂದರೆ ವ್ಯಕ್ತಿ, ಸಂಸ್ಥೆ ಅಥವಾ ತತ್ತ್ವವೊಂದರ ನಿಜವಾದ ಬೆಲೆಯನ್ನು ಬಯಲು ಮಾಡುವ ನಿರ್ಣಾಯಕ ಪರೀಕ್ಷೆ ಎಂಬ ಅರ್ಥ ಬಂದಿತು. ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ 1918ರ ಜನವರಿ 8ರಂದು ಮಂಡಿಸಿದ ಹದಿನಾಲ್ಕು ಅಂಶಗಳ ಭಾಷಣದಲ್ಲಿ, ರಷ್ಯಾವನ್ನು ಇತರ ರಾಷ್ಟ್ರಗಳು ನಡೆಸಿಕೊಳ್ಳುವ ರೀತಿಯೇ ಅವುಗಳ ಸದ್ಭಾವನೆಯ ಆಸಿಡ್ ಟೆಸ್ಟ್ ಎಂಬ ಅರ್ಥದ ಮಾತನ್ನಾಡಿದ ಬಳಿಕ ಈ ಪ್ರಯೋಗ ಮತ್ತಷ್ಟು ಪ್ರಚಾರ ಪಡೆಯಿತು.

ವಾಣಿಜ್ಯಶಾಸ್ತ್ರದಲ್ಲಿ 'ಆಸಿಡ್ ಟೆಸ್ಟ್ ಅನುಪಾತ' ಎಂಬ ಪರಿಕಲ್ಪನೆಯಿದೆ. ಸಂಸ್ಥೆಯೊಂದರ ಚಾಲ್ತಿ ಆಸ್ತಿಗಳಿಂದ ದಾಸ್ತಾನಿನ ಮೌಲ್ಯವನ್ನು ಕಳೆದು, ಉಳಿದುದನ್ನು ಚಾಲ್ತಿ ಹೊಣೆಗಾರಿಕೆಗಳಿಂದ ಭಾಗಿಸಿದರೆ ಈ ಅನುಪಾತ ದೊರೆಯುತ್ತದೆ. ಸರಕು ಮಾರಾಟವಾಗುವವರೆಗೆ ಕಾಯದೆ ಸಂಸ್ಥೆಯು ತನ್ನ ಅಲ್ಪಾವಧಿ ಸಾಲಗಳನ್ನು ತೀರಿಸಬಲ್ಲುದೇ ಎಂಬುದನ್ನು ಇದು ತೋರಿಸುತ್ತದೆ.

ಆಸಿಡ್ ಮಳೆ

'ಆಸಿಡ್ ರೇನ್' ಎಂಬುದು ಲಕ್ಷ್ಯಾರ್ಥದಂತೆ ಕೇಳಿಸಿದರೂ ವಾಚ್ಯಾರ್ಥವೇ. ಈ ಹೆಸರನ್ನು ಸ್ಕಾಟ್ಲೆಂಡ್ ಮೂಲದ ರಸಾಯನಶಾಸ್ತ್ರಜ್ಞ ರಾಬರ್ಟ್ ಆ್ಯಂಗಸ್ ಸ್ಮಿತ್ 1872ರ ತನ್ನ ಗ್ರಂಥದಲ್ಲಿ ಬಳಸಿದನು. ಸಾಮಾನ್ಯ ಮಳೆನೀರು ವಾಯುವಿನ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಸುಮಾರು 5.6 ಪಿಎಚ್ ಹೊಂದಿದ್ದು, ತಾನಾಗಿಯೇ ತುಸು ಆಮ್ಲೀಯವಾಗಿರುತ್ತದೆ. ಕಲ್ಲಿದ್ದಲು ಮತ್ತು ಇಂಧನಗಳನ್ನು ಉರಿಸಿದಾಗ ಹೊರಬರುವ ಗಂಧಕ ಹಾಗೂ ಸಾರಜನಕದ ಆಕ್ಸೈಡುಗಳು ಬೆರೆತು ಈ ಮೌಲ್ಯ ಇನ್ನೂ ಇಳಿದಾಗ ಅದನ್ನು ಆಮ್ಲಮಳೆ ಎನ್ನುತ್ತಾರೆ. ಕನ್ನಡದ ಪಠ್ಯಗಳಲ್ಲಿ ಇದಕ್ಕೆ ಆಮ್ಲಮಳೆ ಎಂಬ ಹೆಸರೇ ರೂಢಿಯಲ್ಲಿದೆ.

ಮಾದಕವಸ್ತು, ಸಂಗೀತ ಮತ್ತು ಉಡುಪು

ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಬಾಸೆಲ್ ನಗರದಲ್ಲಿ ತಯಾರಿಸಿದ ಎಲ್‌ಎಸ್‌ಡಿ ಎಂಬ ಭ್ರಮಾಜನಕ ವಸ್ತುವಿನ ಪೂರ್ಣ ಹೆಸರಿನಲ್ಲಿ ಲೈಸರ್ಜಿಕ್ ಆಸಿಡ್ ಎಂಬ ಭಾಗವಿದೆ. ಆದ್ದರಿಂದ 1960ರ ದಶಕದಲ್ಲಿ ಅಮೆರಿಕದ ಆಡುಮಾತಿನಲ್ಲಿ ಆಸಿಡ್ ಎಂದರೆ ಎಲ್‌ಎಸ್‌ಡಿ ಎಂಬ ಅರ್ಥ ಬೇರೂರಿತು. 'ಆಸಿಡ್ ರಾಕ್' ಎಂಬ ಸಂಗೀತ ಪ್ರಕಾರದ ಹೆಸರು ಇದರಿಂದ ಬಂದಿದೆ. ಇದಕ್ಕೂ ಹುಳಿಗೂ ಸಂಬಂಧವಿಲ್ಲ. ಭಾರತದಲ್ಲಿ ಈ ವಸ್ತುವು 1985ರ ಮಾದಕ ದ್ರವ್ಯಗಳ ಅಧಿನಿಯಮದ ನಿಯಂತ್ರಣಕ್ಕೆ ಒಳಪಟ್ಟಿದೆ.

'ಆಸಿಡ್ ವಾಶ್' ಜೀನ್ಸ್ ಬಟ್ಟೆಗೆ ಅಲ್ಲಲ್ಲಿ ಬಿಳುಚಿದ ನೋಟ ನೀಡಲು ಸಾಮಾನ್ಯವಾಗಿ ಬಳಸುವುದು ಬ್ಲೀಚಿನಲ್ಲಿ ನೆನೆಸಿದ ಪ್ಯೂಮಿಸ್ ಕಲ್ಲುಗಳನ್ನು, ಆಮ್ಲವನ್ನಲ್ಲ. ಕಣ್ಣು ಕುಕ್ಕುವ ಹಸಿರು ಅಥವಾ ಹಳದಿ ಬಣ್ಣವನ್ನು ಇಂಗ್ಲಿಷಿನಲ್ಲಿ 'ಆಸಿಡ್ ಗ್ರೀನ್', 'ಆಸಿಡ್ ಯೆಲ್ಲೊ' ಎನ್ನುತ್ತಾರೆ. ನಾಲಿಗೆಯ ಅನುಭವವು ಇಲ್ಲಿ ಕಣ್ಣಿಗೆ ವರ್ಗಾವಣೆಯಾಗಿದೆ.

ಗಣಕವಿಜ್ಞಾನದ ದತ್ತಾಂಶ ವ್ಯವಸ್ಥೆಗಳಲ್ಲಿ ಬಳಸುವ ಆಸಿಡ್ ಎಂಬುದು ನಾಲ್ಕು ಗುಣಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ 1983ರಲ್ಲಿ ರಚಿಸಲಾದ ಸಂಕ್ಷೇಪ. ಅದು ಈ ಪದದ ಅರ್ಥಗಳಲ್ಲಿ ಒಂದಲ್ಲ.

ಕನ್ನಡದಲ್ಲಿ: ಹುಳಿ, ಆಮ್ಲ, ಆಸಿಡ್

ಹುಳಿ ಎಂಬುದು ದ್ರಾವಿಡ ಮೂಲದ ಪದ. ಹಳಗನ್ನಡದಲ್ಲಿ ಇದರ ರೂಪ 'ಪುಳಿ'. ತಮಿಳು ಮತ್ತು ತುಳು ಭಾಷೆಗಳಲ್ಲಿ ಇಂದಿಗೂ ಪುಳಿ ಎಂಬ ರೂಪವಿದೆ. ಪದದ ಆರಂಭದ ಪಕಾರವು ಹಕಾರವಾಗುವ ಬದಲಾವಣೆಯಿಂದ ಕನ್ನಡದಲ್ಲಿ ಹುಳಿಯಾಯಿತು. ಪುಳಿಯೋಗರೆ, ಪುನರ್ಪುಳಿ ಮೊದಲಾದ ಹೆಸರುಗಳಲ್ಲಿ ಹಳೆಯ ಪಕಾರ ಉಳಿದಿದೆ. ಹುಳಿ ಎಂಬುದು ರುಚಿಯ ಹೆಸರಾಗಿರುವಂತೆ ಬೇಳೆ, ತರಕಾರಿಗಳಿಂದ ಮಾಡುವ ಒಂದು ಮೇಲೋಗರದ ಹೆಸರೂ ಆಗಿದೆ. ಹೊಟ್ಟೆಯ ಆಮ್ಲವು ಗಂಟಲಿಗೆ ಬರುವುದನ್ನು ಹುಳಿತೇಗು ಎನ್ನುತ್ತಾರೆ.

ಹುಳಿಯ ಲಕ್ಷ್ಯಾರ್ಥವು ಇಂಗ್ಲಿಷಿನ ಆಸಿಡ್ ಪದದ ಲಕ್ಷ್ಯಾರ್ಥಕ್ಕಿಂತ ಭಿನ್ನವಾಗಿದೆ. 'ಹುಳಿ ಹಿಂಡು' ಎಂಬ ನುಡಿಗಟ್ಟಿಗೆ ಚೆನ್ನಾಗಿರುವ ಸಂಬಂಧ ಅಥವಾ ಕಾರ್ಯವನ್ನು ಕೆಡಿಸು ಎಂದು ಅರ್ಥ. ಹಾಲಿಗೆ ಹುಳಿ ಬಿದ್ದರೆ ಒಡೆದುಹೋಗುವ ಮನೆಯ ಅನುಭವ ಇದರ ಹಿಂದಿದೆ. ಅಂದರೆ ಇಂಗ್ಲಿಷಿನ ಆಸಿಡ್ ಚುಚ್ಚುತ್ತದೆ, ಕನ್ನಡದ ಹುಳಿ ಒಡೆಯುತ್ತದೆ. ಮಾತಿನ ಮೊನಚನ್ನು ಸೂಚಿಸಲು ಕನ್ನಡವು ಹುಳಿಯ ಬದಲು ಖಾರ, ಕಟು, ಹರಿತ, ಕೊಂಕು ಮೊದಲಾದ ಪದಗಳನ್ನು ಬಳಸುತ್ತದೆ. ಇವುಗಳಲ್ಲಿ ಕಟು ಎಂಬುದು ಷಡ್ರಸಗಳಲ್ಲಿ ಖಾರದ ಹೆಸರು.

ಆಮ್ಲ ಎಂಬುದು ಸಂಸ್ಕೃತದಿಂದ ಬಂದ ಪದ. ಹುಳಿ ರುಚಿಯ ಹೆಸರಾಗಿದ್ದ ಇದು ಆಧುನಿಕ ಕನ್ನಡದಲ್ಲಿ ವಿಜ್ಞಾನದ ಪಾರಿಭಾಷಿಕ ಪದವಾಗಿದೆ. ಆಮ್ಲದ ವಿರುದ್ಧ ವರ್ಗವನ್ನು ಪ್ರತ್ಯಾಮ್ಲ ಎಂದು ಕರೆಯುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಹೆಚ್ಚು ಮಳೆಯ ಪ್ರದೇಶಗಳಲ್ಲಿ ಕಂಡುಬರುವ ಆಮ್ಲೀಯ ಮಣ್ಣನ್ನು ಸರಿಪಡಿಸಲು ಸುಣ್ಣವನ್ನು ಹಾಕುವುದು ಈ ವಿರುದ್ಧ ಗುಣಗಳ ಉಪಯೋಗವೇ ಆಗಿದೆ.

ಆಸಿಡ್ ಎಂಬ ಎರವಲು ಪದವು ಕನ್ನಡದ ದಿನಬಳಕೆಯಲ್ಲಿ ಹುಳಿಯ ಅರ್ಥವನ್ನು ಪೂರ್ಣವಾಗಿ ಕಳೆದುಕೊಂಡಿದೆ. ಶೌಚಾಲಯ ತೊಳೆಯುವ ಹೈಡ್ರೊಕ್ಲೋರಿಕ್ ಆಮ್ಲ, ಬ್ಯಾಟರಿಯ ಗಂಧಕಾಮ್ಲ, ಅಕ್ಕಸಾಲಿಗರ ನೈಟ್ರಿಕ್ ಆಮ್ಲ ಇಂತಹ ಸುಡುವ ದ್ರವಗಳಿಗೆ ಮಾತ್ರ ಅದು ಸಲ್ಲುತ್ತದೆ. ಮೊಸರಿನಲ್ಲಿ ಆಸಿಡ್ ಇದೆ ಎಂಬ ವಾಕ್ಯ ಇಂಗ್ಲಿಷಿನಲ್ಲಿ ಸಹಜವಾದರೆ, ಕನ್ನಡದಲ್ಲಿ ಗಾಬರಿ ಹುಟ್ಟಿಸುತ್ತದೆ. ಇದರಿಂದ ವಿದ್ಯಾರ್ಥಿಗಳಲ್ಲಿ ಎರಡು ಬಗೆಯ ತಪ್ಪು ಕಲ್ಪನೆಗಳು ಮೂಡಬಹುದು. ಆಸಿಡ್ ಎಲ್ಲವೂ ಸುಡುತ್ತದೆ ಎಂಬುದು ಒಂದು. ಪಠ್ಯದ ಆಮ್ಲ ಬೇರೆ, ಅಂಗಡಿಯ ಆಸಿಡ್ ಬೇರೆ ಎಂಬುದು ಇನ್ನೊಂದು. ವಾಸ್ತವವಾಗಿ ಎರಡೂ ಒಂದೇ ವರ್ಗ. ಅಪಾಯವನ್ನು ನಿರ್ಧರಿಸುವುದು ಆಮ್ಲದ ಪ್ರಬಲತೆ ಮತ್ತು ಅದರ ಸಾಂದ್ರತೆ. ಮನುಷ್ಯನ ಜಠರದಲ್ಲಿಯೂ ಹೈಡ್ರೊಕ್ಲೋರಿಕ್ ಆಮ್ಲವಿದೆ. ಇದನ್ನು 1824ರಲ್ಲಿ ವಿಲಿಯಂ ಪ್ರೌಟ್ ತೋರಿಸಿಕೊಟ್ಟನು.

ಕಾನೂನಿನಲ್ಲಿ

ಭಾರತದ ದಂಡಸಂಹಿತೆಗೆ 2013ರ ತಿದ್ದುಪಡಿಯ ಮೂಲಕ 326ಎ ಮತ್ತು 326ಬಿ ಎಂಬ ಕಲಂಗಳನ್ನು ಸೇರಿಸಿ ಆಸಿಡ್ ದಾಳಿಯನ್ನು ಪ್ರತ್ಯೇಕ ಅಪರಾಧವೆಂದು ಪರಿಗಣಿಸಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 124ನೇ ಕಲಂ ಆಗಿದೆ. ದಾಳಿಯಿಂದ ಗಾಯವಾದಲ್ಲಿ ಕನಿಷ್ಠ 10 ವರ್ಷಗಳಿಂದ ಜೀವಾವಧಿಯವರೆಗೆ, ದಾಳಿಯ ಯತ್ನಕ್ಕೆ 5ರಿಂದ 7 ವರ್ಷಗಳವರೆಗೆ ಸೆರೆವಾಸವಿದೆ. ಜೊತೆಗೆ ದಂಡವನ್ನೂ ವಿಧಿಸಲಾಗುತ್ತದೆ. ಗಾಯವಾದ ಪ್ರಕರಣದಲ್ಲಿ ಆ ದಂಡವು ಚಿಕಿತ್ಸೆಯ ವೆಚ್ಚವನ್ನು ಭರಿಸುವಷ್ಟಿದ್ದು, ಸಂತ್ರಸ್ತರಿಗೇ ಸಲ್ಲಬೇಕು.

ಈ ಕಲಂಗಳಲ್ಲಿ ಆಸಿಡ್ ಪದಕ್ಕೆ ನೀಡಿರುವ ಅರ್ಥ ರಸಾಯನಶಾಸ್ತ್ರದ ಅರ್ಥಕ್ಕಿಂತ ವಿಶಾಲವಾಗಿದೆ. ಆಮ್ಲೀಯವಾದ, ಕೊರೆಯುವ ಅಥವಾ ಸುಡುವ ಗುಣವುಳ್ಳ, ಕಲೆ, ವಿರೂಪ ಅಥವಾ ಅಂಗವೈಕಲ್ಯಕ್ಕೆ ಕಾರಣವಾಗಬಲ್ಲ ಯಾವುದೇ ವಸ್ತುವನ್ನು ಅದು ಒಳಗೊಳ್ಳುತ್ತದೆ. ಹೀಗಾಗಿ ರಸಾಯನಶಾಸ್ತ್ರದ ಪ್ರಕಾರ ಪ್ರತ್ಯಾಮ್ಲವಾದ ಕಾಸ್ಟಿಕ್ ಸೋಡಾ ಕೂಡ ಈ ಕಲಂಗಳ ಅರ್ಥದಲ್ಲಿ ಆಸಿಡ್ ಆಗಬಲ್ಲುದು. ಬಳಸಿದ ವಸ್ತು ಆಮ್ಲವಲ್ಲ ಎಂಬ ವಾದದಿಂದ ಆರೋಪಿಯು ತಪ್ಪಿಸಿಕೊಳ್ಳಲು ಈ ವ್ಯಾಖ್ಯಾನ ಅವಕಾಶ ಕೊಡುವುದಿಲ್ಲ.

ಲಕ್ಷ್ಮಿ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 18ರಂದು ಆಸಿಡ್ ಮಾರಾಟದ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಮಾರಾಟಗಾರರು ಕೊಳ್ಳುವವರ ವಿವರಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿ ಹಾಗೂ ಕೊಳ್ಳುವ ಕಾರಣವನ್ನು ಪಡೆಯಬೇಕು, 18 ವರ್ಷದೊಳಗಿನವರಿಗೆ ಮಾರಬಾರದು. ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದೂ ನ್ಯಾಯಾಲಯ ಸೂಚಿಸಿತು. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಸಂತ್ರಸ್ತರಿಗೆ ಕೂಡಲೇ ಉಚಿತ ಚಿಕಿತ್ಸೆ ನೀಡುವುದು ಕಾನೂನಿನ ಪ್ರಕಾರ ಕಡ್ಡಾಯ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಆಸಿಡ್ ದಾಳಿಯ ಸಂತ್ರಸ್ತರನ್ನೂ ತನ್ನ ವ್ಯಾಪ್ತಿಗೆ ಸೇರಿಸಿದೆ.

ಬಳಕೆಯಲ್ಲಿ ಎಚ್ಚರಿಕೆ

ಆಸಿಡ್ ಮತ್ತು ಅದರ ವಿರುದ್ಧ ಗುಣದ ವಸ್ತುವನ್ನು ಸೇರಿಸಿದರೆ ಎರಡೂ ತಟಸ್ಥವಾಗುತ್ತವೆ ಎಂಬ ಪಠ್ಯದ ಪಾಠವನ್ನು ಅಪಘಾತದ ಸಂದರ್ಭದಲ್ಲಿ ದೇಹದ ಮೇಲೆ ಪ್ರಯೋಗಿಸಬಾರದು. ತಟಸ್ಥೀಕರಣದಲ್ಲಿ ಶಾಖ ಹೊರಬರುವುದರಿಂದ ಸುಟ್ಟ ಗಾಯ ಹೆಚ್ಚಾಗಬಹುದು. ಚರ್ಮ ಅಥವಾ ಕಣ್ಣಿಗೆ ಆಸಿಡ್ ತಗಲಿದಾಗ ತಾಗಿದ ಬಟ್ಟೆಯನ್ನು ತೆಗೆದು, ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯುತ್ತಿದ್ದು, ಆಸ್ಪತ್ರೆಗೆ ಕರೆದೊಯ್ಯಬೇಕು. ನುಂಗಿದ್ದರೆ ವಾಂತಿ ಮಾಡಿಸಬಾರದು, ಏಕೆಂದರೆ ಹಿಂತಿರುಗುವ ಆಮ್ಲವು ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ.

ಶೌಚಾಲಯದ ಆಸಿಡ್ಡನ್ನು ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವದೊಂದಿಗೆ ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಬರುತ್ತದೆ. ಪ್ರಯೋಗಾಲಯದಲ್ಲಿ ಸಾಂದ್ರ ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ರುಚಿಯಿಂದ ಹೆಸರು ಪಡೆದ ವಸ್ತುವಾದರೂ ಪ್ರಯೋಗಾಲಯದ ಯಾವ ಆಮ್ಲವನ್ನೂ ರುಚಿ ನೋಡಬಾರದು.

ಅನುವಾದದಲ್ಲಿ

ಇಂಗ್ಲಿಷಿನ ಆಸಿಡ್ ಪದಕ್ಕೆ ಕನ್ನಡದಲ್ಲಿ ಒಂದೇ ಸಮಾನ ಪದವಿಲ್ಲದಿರುವುದರಿಂದ ಸಂದರ್ಭಕ್ಕೆ ತಕ್ಕಂತೆ ಪದವನ್ನು ಆರಿಸಬೇಕಾಗುತ್ತದೆ. ಹಣ್ಣು, ಆಹಾರದ ಪ್ರಸಂಗದಲ್ಲಿ 'ಹುಳಿ', ವಿಜ್ಞಾನ ಮತ್ತು ಪರಿಸರದ ಬರಹಗಳಲ್ಲಿ 'ಆಮ್ಲ', ಅಪರಾಧ ಮತ್ತು ಅಪಘಾತದ ವರದಿಗಳಲ್ಲಿ 'ಆಸಿಡ್' ಎಂಬ ಬಳಕೆ ರೂಢಿಯಲ್ಲಿದೆ. ಚುಚ್ಚುವ ಮಾತಿನ ಅರ್ಥವಿರುವಲ್ಲಿ 'ಆಮ್ಲೀಯ ಮಾತು' ಎಂಬ ಪದಶಃ ಅನುವಾದ ಅರ್ಥವಾಗುವುದಿಲ್ಲ. ಅಲ್ಲಿ 'ಮೊನಚು ಮಾತು', 'ಕಟು ಟೀಕೆ', 'ಖಾರವಾದ ಪ್ರತಿಕ್ರಿಯೆ' ಎಂಬ ಪ್ರಯೋಗಗಳು ಸೂಕ್ತ. 'ಹುಳಿ ಮಾತು' ಎಂದರೂ ಮೂಲದ ಹರಿತ ಬರುವುದಿಲ್ಲ.

ಆಸಿಡ್ ಟೆಸ್ಟ್ ಎಂಬುದನ್ನು ಪತ್ರಿಕೆಗಳು ಸಾಮಾನ್ಯವಾಗಿ 'ಅಗ್ನಿಪರೀಕ್ಷೆ' ಎಂದು ಅನುವಾದಿಸುತ್ತವೆ. ಈ ಪದವು ರಾಮಾಯಣದ ಸೀತೆಯ ಪ್ರಸಂಗವನ್ನು ನೆನಪಿಗೆ ತರುವುದರಿಂದ ಅದರಲ್ಲಿ ಯಾತನೆಯನ್ನು ದಾಟಿ ನಿರ್ದೋಷಿತ್ವವನ್ನು ಸಾಬೀತುಪಡಿಸುವ ಭಾವವಿದೆ. ಇಂಗ್ಲಿಷಿನ ಮೂಲದಲ್ಲಿರುವುದು ಬೆರಕೆಯಿಂದ ಅಪ್ಪಟವನ್ನು ಬೇರ್ಪಡಿಸುವ ಭಾವ. ಅದಕ್ಕೆ 'ಒರೆಗೆ ಹಚ್ಚುವುದು' ಎಂಬ ಕನ್ನಡದ ನುಡಿಗಟ್ಟು ಹೆಚ್ಚು ಹತ್ತಿರವಾಗಿದೆ. ಎರಡೂ ಭಾಷೆಗಳು ಈ ಪ್ರಯೋಗವನ್ನು ಅಕ್ಕಸಾಲಿಗನ ಒಂದೇ ಕೆಲಸದಿಂದ ಪಡೆದಿವೆ: ಇಂಗ್ಲಿಷ್ ಅವನು ಹಾಕುವ ಹನಿಯಿಂದ, ಕನ್ನಡ ಅವನು ಉಜ್ಜುವ ಕಲ್ಲಿನಿಂದ.